ಇನ್‌ಬಾಕ್ಸ್ ಹಗುರ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದ ಹಿಂದೆ ಅಮ್ಮನ ಆರೋಗ್ಯ ವಿಮೆ ಕೈತಪ್ಪಿತು. ದುಡ್ಡು ಇರಲಿಲ್ಲ ಅಂತಲ್ಲ. ರಿನ್ಯೂ ಮಾಡಿ ಅಂತ ವಿಮಾ ಕಂಪನಿ ಕಳಿಸಿದ ಮೇಲ್, ಅದೇ ಕಂಪನಿ ವಾರಕ್ಕೆ ನಾಲ್ಕು ಸಲ ಕಳಿಸುತ್ತಿದ್ದ ಆಫರ್ ಮೇಲ್‌ಗಳ ಅಡಿಯಲ್ಲಿ ಹೂತುಹೋಗಿತ್ತು. ಕೊನೇ ದಿನ ಆದ ಮೇಲೂ ಕಟ್ಟಲು 30 ದಿನ ಬಿಡುವು ಇತ್ತು, ಅದೂ ದಾಟಿದ ಮೇಲೆ ನಮಗೆ ಗೊತ್ತಾಯಿತು. ಹೊಸ ಪಾಲಿಸಿ ಮಾಡಿಸಿದೆವು, ಆದರೆ ಅಮ್ಮನ ಬಿಪಿ, ಶುಗರ್‌ಗೆ ಇದ್ದ ಕಾಯುವ ಅವಧಿ ಮತ್ತೆ ಮೊದಲಿಂದ ಶುರುವಾಯಿತು, ಅಂದರೆ ಅದು ಮುಗಿಯುವವರೆಗೂ ಆ ಕಾಯಿಲೆಗಳಿಗೆ ವಿಮೆ ದುಡ್ಡು ಸಿಗುವುದಿಲ್ಲ. ಆ ರಾತ್ರಿ ನೋಡಿದರೆ ನನ್ನ ಇನ್‌ಬಾಕ್ಸ್‌ನಲ್ಲಿ ಓದದ ಮೇಲ್‌ಗಳೇ 11,400 ಇದ್ದವು.

ಆಮೇಲೆ ನನ್ನದನ್ನು ಸರಿ ಮಾಡಿಕೊಂಡೆ. ಚಿಕ್ಕಪ್ಪನದು, ಆಫೀಸಿನ ಗೆಳೆಯರದು, ಪಕ್ಕದ ಮನೆಯವರದು ಅಂತ ಹತ್ತಾರು ಜನರ ಜೊತೆ ಕೂತು ಅವರದೂ ಮಾಡಿಸಿದೆ. ಎಲ್ಲರೂ ಹೆಚ್ಚೂಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರ ಬಳಿ ಇರುವುದು ಜಿಮೇಲ್, ಹಾಗಾಗಿ ಉದಾಹರಣೆಗಳೂ ಬಹುಪಾಲು ಅದರದೇ. ಔಟ್‌ಲುಕ್ ಇದ್ದವರಿಗೂ ದಾರಿ ಬಹುಮಟ್ಟಿಗೆ ಇದೇ, ಬಟನ್‌ಗಳ ಹೆಸರು ಬೇರೆ.

ಇನ್‌ಬಾಕ್ಸ್‌ಗೂ ಒಂದು ಗುರಿ ಅಂತ ಬೇಕಾ? ಸುಮ್ನೆ ಒಂದು ದಿನ ಕೂತು ಎಲ್ಲ ಡಿಲೀಟ್ ಮಾಡಿದರೆ ಆಗಲ್ವಾ?

ಆಗುತ್ತದೆ, ಒಂದು ವಾರದ ಮಟ್ಟಿಗೆ. ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವಾಗ ಕೆಳಗೆ ಪಾತ್ರೆ ಇಟ್ಟು ತುಂಬಿದಾಗೆಲ್ಲ ಚೆಲ್ಲುತ್ತಾ ಕೂರುತ್ತೇವಲ್ಲ, ಡಿಲೀಟ್ ಮಾಡುತ್ತಾ ಕೂರುವುದೂ ಹಾಗೇ. ಒಡೆದ ಹೆಂಚು ಯಾವುದು ಅಂತ ಹುಡುಕಿ ಬದಲಾಯಿಸುವವರೆಗೂ ಪಾತ್ರೆ ತುಂಬುತ್ತಲೇ ಇರುತ್ತದೆ. ನಾನು ಮೊದಲ ಭಾನುವಾರ ನಾಲ್ಕು ಗಂಟೆ ಕೂತು ಎರಡು ಸಾವಿರ ಮೇಲ್ ಅಳಿಸಿದೆ. ಮುಂದಿನ ಭಾನುವಾರದ ಹೊತ್ತಿಗೆ ಹೊಸದಾಗಿ ಮುನ್ನೂರು ಬಂದು ಕೂತಿದ್ದವು, ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು.

ಗುರಿ ಬೇಕಾಗುವುದು ಇಲ್ಲಿ. ಅಳಿಸಲು ಕೂರುವ ಮೊದಲು ಎರಡು ವಿಷಯ ಕಾಗದದ ಮೇಲೆ ಬರೆಯಿರಿ. ಯಾವ ಮೇಲ್ ಬಂದರೆ ನನ್ನ ಕಣ್ಣು ತಪ್ಪಬಾರದು? ಯಾವ ಕಾಗದಪತ್ರ ಕೇಳಿದ ತಕ್ಷಣ ನನ್ನ ಕೈಗೆ ಸಿಗಬೇಕು? ನನ್ನ ಪಟ್ಟಿಯಲ್ಲಿ ವಿಮೆ, ಬ್ಯಾಂಕು, ಮಗಳ ಶಾಲೆ, ಆದಾಯ ತೆರಿಗೆ, ಮನೆ ಬಾಡಿಗೆ ಇದ್ದವು, ಅಷ್ಟೇ. ನಿಮ್ಮದು ಬೇರೆ ಇರಬಹುದು. ಆದರೆ ಯಾರ ಪಟ್ಟಿಯೂ ಎಂಟು ಹತ್ತು ಸಾಲು ದಾಟಿದ್ದನ್ನು ನಾನು ನೋಡಿಲ್ಲ. ಉಳಿದ ಸಾವಿರಾರು ಮೇಲ್‌ಗಳು ಈ ಹತ್ತು ಸಾಲನ್ನು ಮುಚ್ಚದಿದ್ದರೆ ಸಾಕು.

ಹಾಗಾದರೆ ಒಳ್ಳೆಯ ಗುರಿ ಅಂದರೆ ಹೇಗಿರಬೇಕು? ಒಂದು ಉದಾಹರಣೆ ಕೊಡಿ.

"ಇನ್‌ಬಾಕ್ಸ್ ಚೊಕ್ಕ ಮಾಡಬೇಕು" ಅನ್ನುವುದು ಆಸೆ. "ಈ ಭಾನುವಾರದ ಒಳಗೆ, ನನಗೆ ಅತಿ ಜಾಸ್ತಿ ಮೇಲ್ ಕಳಿಸುವ 10 ಕಂಪನಿಗಳ ಪಟ್ಟಿಯಿಂದ ಹೊರಗೆ ಬರುತ್ತೇನೆ" ಅನ್ನುವುದು ಗುರಿ. ಒಂದು ಎಣಿಕೆ ಇರಬೇಕು, ಒಂದು ದಿನಾಂಕ ಇರಬೇಕು, ಮುಗಿಯಿತಾ ಇಲ್ಲವಾ ಅಂತ ಬೇರೆಯವರು ನೋಡಿದರೂ ಹೇಳುವಂತಿರಬೇಕು.

ನಾನು ಮೂರು ತಿಂಗಳಿಗೆ ಮೂರೇ ಗುರಿ ಇಟ್ಟುಕೊಂಡೆ. ಮೊದಲ ತಿಂಗಳು ಬೇಡದ ಮೇಲ್ ಬರುವುದನ್ನು ನಿಲ್ಲಿಸುವುದು. ಎರಡನೇ ತಿಂಗಳು ತಪ್ಪಬಾರದ ಮೇಲ್‌ಗಳಿಗೆ ಫಿಲ್ಟರ್ ಹಾಕುವುದು (ಅದೇನು ಅಂತ ಮುಂದೆ ಹೇಳುತ್ತೇನೆ). ಮೂರನೇ ತಿಂಗಳು, ಯಾವ ಕಾಗದ ಕೇಳಿದರೂ ಒಂದು ನಿಮಿಷದಲ್ಲಿ ತೆಗೆಯುವುದು. ಈ ಮೂರನೆಯದಕ್ಕೆ ಪರೀಕ್ಷೆಯೂ ಇತ್ತು. ನನ್ನ ಹೆಂಡತಿ ಗಡಿಯಾರ ನೋಡುತ್ತಾ "ಹೋದ ವರ್ಷದ ಫಾರಂ 16 ತೆಗೀರಿ ನೋಡೋಣ" ಅನ್ನುತ್ತಿದ್ದಳು, "ಫ್ರಿಡ್ಜ್‌ನ ವಾರಂಟಿ ಬಿಲ್ ಎಲ್ಲಿ?" ಅನ್ನುತ್ತಿದ್ದಳು. ಸಿಗದೇ ಹೋದದ್ದು ಯಾವುದೋ ಅದನ್ನು ಆ ವಾರ ಸರಿ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಇಬ್ಬರು ಕೂತು ಮಾಡಿದರೆ ಈ ಕೆಲಸ ಬೇಸರ ತರುವುದಿಲ್ಲ, ಇದು ನನ್ನ ಅನುಭವ.

ಇನ್‌ಬಾಕ್ಸ್ ಝೀರೋ ಅಂತಾರಲ್ಲ, ಅದನ್ನೇ ಗುರಿ ಮಾಡಿಕೊಂಡರೆ?

ಆ ಮಾತನ್ನು ಚಾಲ್ತಿಗೆ ತಂದವರು ಅಮೆರಿಕದ ಬರಹಗಾರ ಮರ್ಲಿನ್ ಮ್ಯಾನ್. 2007ರಲ್ಲಿ ಗೂಗಲ್ ಕಂಪನಿಯಲ್ಲಿ ಅವರು ಕೊಟ್ಟ ಭಾಷಣದಿಂದ ಅದು ಊರೆಲ್ಲ ಹಬ್ಬಿತು. ಆದರೆ ಅವರು ಹೇಳಿದ ಸೊನ್ನೆ ಮೇಲ್‌ಗಳ ಎಣಿಕೆಯದಲ್ಲ. ನಿಮ್ಮ ತಲೆ ಎಷ್ಟು ಹೊತ್ತು ಆ ಇನ್‌ಬಾಕ್ಸ್‌ನಲ್ಲೇ ಸಿಕ್ಕಿಕೊಂಡಿರುತ್ತದೆ, ಅದನ್ನು ಸೊನ್ನೆಯ ಹತ್ತಿರ ತನ್ನಿ ಅಂತ ಅವರ ಮಾತು. ಕೇಳಿದವರು ಎಣಿಕೆ ಹಿಡಿದುಕೊಂಡರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆ ಮಟ್ಟಿನ ಇನ್‌ಬಾಕ್ಸ್‌ಗೆ ಸೊನ್ನೆ ಬೇಕಿಲ್ಲ. ದಿನಾ ಸೊನ್ನೆ ಮಾಡಲು ಹೋದವರು ಮೇಲ್ ನೋಡುವುದನ್ನೇ ಜಾಸ್ತಿ ಮಾಡಿಕೊಳ್ಳುತ್ತಾರೆ. ಇನ್‌ಬಾಕ್ಸ್ ತೆರೆದಾಗ ಕಾಣುವ ಮೊದಲ ಪರದೆಯಲ್ಲಿ ನಾನು ಇನ್ನೂ ಏನಾದರೂ ಮಾಡಬೇಕಾದ ಮೇಲ್‌ಗಳು ಮಾತ್ರ ಇದ್ದರೆ ಸಾಕು. ನನ್ನದರಲ್ಲಿ ಇವತ್ತು 14 ಇವೆ.

ನನ್ನ ಬಳಿ 20 ಸಾವಿರ ಮೇಲ್ ಇವೆ. ನೋಡಿದರೇ ಎದೆ ಭಾರ ಆಗುತ್ತದೆ. ಎಲ್ಲಿಂದ ಶುರು ಮಾಡಲಿ?

ಇದು ಎಲ್ಲರೂ ಕೇಳುವ ಪ್ರಶ್ನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲು ಧೈರ್ಯ ತಂದುಕೊಳ್ಳಿ. ಆ 20 ಸಾವಿರವನ್ನು ಒಂದೊಂದಾಗಿ ನೋಡುವ ಅಗತ್ಯ ಇಲ್ಲ. ಹಳೆಯದನ್ನೆಲ್ಲ ಒಟ್ಟಿಗೆ ಬದಿಗೆ ಸರಿಸಿಬಿಡೋಣ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯಿರಿ. ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಇನ್, ಕೋಲನ್, ಇನ್‌ಬಾಕ್ಸ್ ಅಂತ ಜಾಗ ಬಿಡದೆ ಬರೆಯಿರಿ. ಆಮೇಲೆ ಒಂದು ಜಾಗ ಬಿಟ್ಟು ಬಿಫೋರ್, ಕೋಲನ್, ಅದರ ಪಕ್ಕಕ್ಕೇ 2025/01/01 ಅಂತ ಹಾಕಿ ಎಂಟರ್ ಒತ್ತಿ. ಆ ದಿನಾಂಕಕ್ಕಿಂತ ಮುಂಚಿನ ಮೇಲ್‌ಗಳೆಲ್ಲ ಬರುತ್ತವೆ. ದಿನಾಂಕ ನಿಮಗೆ ಬೇಕಾದದ್ದು ಹಾಕಿಕೊಳ್ಳಿ, ಆರು ತಿಂಗಳ ಹಿಂದಿನದಾದರೂ ಆಗುತ್ತದೆ. ಈಗ ಎಡಗಡೆ ಮೇಲಿರುವ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದಲ್ಲಿರುವ 50 ಮಾತ್ರ ಆಯ್ಕೆ ಆಗುತ್ತವೆ. ತುಂಬಾ ಜನ ಇಲ್ಲೇ ನಿಂತುಬಿಡುತ್ತಾರೆ. ಸ್ವಲ್ಪ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಹುಡುಕಾಟಕ್ಕೆ ಹೊಂದುವ ಎಲ್ಲವನ್ನೂ ಆಯ್ಕೆ ಮಾಡಿ ಅನ್ನುವ ಸಾಲು ಬಂದಿರುತ್ತದೆ. ಅದನ್ನು ಒತ್ತಿ. ಆಮೇಲೆ ಆರ್ಕೈವ್ ಒತ್ತಿ.

ಡಿಲೀಟ್ ಅಲ್ಲ, ಆರ್ಕೈವ್. ಒಂದು ಮೇಲೂ ಹೋಗುವುದಿಲ್ಲ, ಎಲ್ಲ "ಆಲ್ ಮೇಲ್" ಅನ್ನುವ ಜಾಗದಲ್ಲಿ ಇರುತ್ತವೆ, ಹುಡುಕಿದರೆ ಸಿಗುತ್ತವೆ. ಆದರೆ ಇನ್‌ಬಾಕ್ಸ್ ಎರಡೇ ನಿಮಿಷದಲ್ಲಿ ಖಾಲಿಯಾಗಿ ನೆಲ ಕಾಣುತ್ತದೆ. ಚಿಕ್ಕಪ್ಪ ಇದನ್ನು ಮಾಡುವಾಗ ಮೌಸ್ ಹಿಡಿದ ಕೈ ನಡುಗುತ್ತಿತ್ತು, "ಎಲ್ಲ ಹೋಗಿಬಿಟ್ಟರೆ ಏನೋ ಗತಿ?" ಅಂತ ಮೂರು ಸಲ ಕೇಳಿದರು. ಮಾಡಿದ ಮೇಲೆ ಪೆನ್ಷನ್ ಮೇಲ್ ಹುಡುಕಿ ತೋರಿಸಿದೆ, ಸಿಕ್ಕಿತು, ಆಗ ಸಮಾಧಾನ ಆಯಿತು. ನೀವೂ ಹಾಗೇ ಒಂದು ಹಳೇ ಮೇಲ್ ಹುಡುಕಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಆರ್ಕೈವ್‌ಗೂ ಡಿಲೀಟ್‌ಗೂ ವ್ಯತ್ಯಾಸ ಏನು?

ಆರ್ಕೈವ್ ಅಂದರೆ ಅಟ್ಟಕ್ಕೆ ಹಾಕಿದ ಹಾಗೆ, ಇನ್‌ಬಾಕ್ಸ್‌ನಲ್ಲಿ ಕಾಣುವುದಿಲ್ಲ, ಆದರೆ ಮನೆಯಲ್ಲೇ ಇದೆ. ಯಾರಾದರೂ ಆ ಮೇಲ್‌ಗೆ ಉತ್ತರ ಬರೆದರೆ ತಾನಾಗಿ ಇನ್‌ಬಾಕ್ಸ್‌ಗೆ ಇಳಿದು ಬರುತ್ತದೆ. ಡಿಲೀಟ್ ಮಾಡಿದ್ದು ಬಿನ್‌ಗೆ ಹೋಗಿ, 30 ದಿನ ಅಲ್ಲಿದ್ದು, ಆಮೇಲೆ ಪೂರ್ತಿ ಹೋಗುತ್ತದೆ.

ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಇನ್ನೂ ಜಾಸ್ತಿ ಮೇಲ್ ಬರುತ್ತವಂತೆ, ಹೌದಾ?

ಅರ್ಧ ನಿಜ. ಯಾರು ಕಳಿಸಿದ್ದು ಅನ್ನುವುದರ ಮೇಲೆ ಹೋಗುತ್ತದೆ.

ನೀವೇ ಎಂದಾದರೂ ಸಾಮಾನು ತರಿಸಿದ ಅಂಗಡಿ, ಟಿಕೆಟ್ ಮಾಡಿಸಿದ ಕಂಪನಿ, ಖಾತೆ ಇರುವ ಬ್ಯಾಂಕು, ಇವರ ಮೇಲ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಲು ಹೆದರಬೇಡಿ. 2024ರಿಂದ ಗೂಗಲ್ ಮತ್ತು ಯಾಹೂ ಒಂದು ಕಟ್ಟುನಿಟ್ಟು ತಂದಿವೆ. ದಿನಕ್ಕೆ ಸಾವಿರಾರು ಮೇಲ್ ಕಳಿಸುವ ಕಂಪನಿಗಳು ತಮ್ಮ ಜಾಹೀರಾತು ಮೇಲ್‌ಗಳಲ್ಲಿ ಒಂದೇ ಒತ್ತಿನಲ್ಲಿ ಹೊರಗೆ ಬರುವ ದಾರಿ ಕೊಡಲೇಬೇಕು, ಕೇಳಿದ ಎರಡು ದಿನದಲ್ಲಿ ನಿಮ್ಮ ಹೆಸರು ತೆಗೆಯಬೇಕು. ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಪದ ಕಾಣುತ್ತದಲ್ಲ, ಅದನ್ನೇ ಒತ್ತಿ. ಮೇಲ್‌ನ ಬುಡದಲ್ಲಿರುವ ಲಿಂಕಿಗಿಂತ ಅದು ಸುಲಭ, ಹೆಚ್ಚು ಸುರಕ್ಷಿತ ಕೂಡ. 2025ರಿಂದ ಎಡಗಡೆ ಪಟ್ಟಿಯಲ್ಲಿ "ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್" ಅಂತಲೂ ಬಂದಿದೆ. ಯಾರು ನಿಮಗೆ ಅತಿ ಜಾಸ್ತಿ ಕಳಿಸುತ್ತಾರೋ ಅವರನ್ನು ಮೇಲಿಟ್ಟು ತೋರಿಸುತ್ತದೆ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಹತ್ತು ಕಂಪನಿಗಳಿಂದ ಹೊರಗೆ ಬರಬಹುದು.

ಗುರುತು ಪರಿಚಯ ಇಲ್ಲದವರು, ಲಾಟರಿ, ಸಾಲ, ವಿದೇಶದ ಕೆಲಸ ಅಂತ ಕಳಿಸುತ್ತಾರಲ್ಲ, ಅಲ್ಲಿ ಮಾತ್ರ ಏನನ್ನೂ ಒತ್ತಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ಅವರಿಗೆ ತಿಳಿಯುತ್ತದೆ. ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿ ಬಿಡಿ.

ಎಷ್ಟು ಲೇಬಲ್ ಮಾಡಿಕೊಳ್ಳಬೇಕು? ನಾನು 40 ಮಾಡಿದ್ದೇನೆ, ಯಾವುದರಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ.

ಲೇಬಲ್ ಅಂದರೆ ಮೇಲ್‌ಗೆ ನಾವು ಅಂಟಿಸುವ ಹೆಸರಿನ ಚೀಟಿ. ಐದರಿಂದ ಏಳು ಸಾಕು. ನಾನೂ ಮೊದಲು ಮೂವತ್ತು ಮಾಡಿದ್ದೆ, ಆಮೇಲೆ ಒಂದೊಂದಾಗಿ ತೆಗೆದೆ.

2011ರಲ್ಲಿ ಐಬಿಎಂ ಸಂಶೋಧಕರು 345 ಜನ ತಮ್ಮ ಹಳೇ ಮೇಲ್‌ಗಳನ್ನು ಹೇಗೆ ಹುಡುಕುತ್ತಾರೆ ಅಂತ ಗಮನಿಸಿದ್ದರು. ಫೋಲ್ಡರ್ ಒಳಗೆ ಹೋಗಿ ಹುಡುಕಲು ಸರಾಸರಿ 58 ಸೆಕೆಂಡ್ ಹಿಡಿಯಿತು, ಸರ್ಚ್ ಮಾಡಿದರೆ 17 ಸೆಕೆಂಡ್. ಜೋಡಿಸಿ ಇಡಲು ತೆಗೆದುಕೊಂಡ ಸಮಯ ಬೇರೆ. ಅಂದರೆ ಪ್ರತಿ ಮೇಲನ್ನೂ ಒಂದು ಗೂಡಿನಲ್ಲಿ ಇಡುವ ಶ್ರಮ ನಮಗೆ ವಾಪಸ್ ಬರುವುದಿಲ್ಲ. ಹೆಸರು ಹಾಕಿ ಹುಡುಕಿದರೆ ಸಿಗುವಂಥದ್ದಕ್ಕೆ ಲೇಬಲ್ ಬೇಡವೇ ಬೇಡ.

ಲೇಬಲ್ ಕೆಲಸಕ್ಕೆ ಬರುವುದು ಬೇರೆ ಬೇರೆ ಕಡೆಯಿಂದ ಬಂದರೂ ಒಟ್ಟಿಗೆ ನೋಡಬೇಕಾದ್ದಕ್ಕೆ. ನನ್ನ "ತೆರಿಗೆ" ಲೇಬಲ್‌ನಲ್ಲಿ ಆಫೀಸಿನ ಫಾರಂ 16, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ವಿಮೆಯ ರಸೀದಿ, ದೇಣಿಗೆಯ ರಸೀದಿ ಎಲ್ಲ ಇರುತ್ತವೆ. ಜುಲೈನಲ್ಲಿ ರಿಟರ್ನ್ ಹಾಕುವಾಗ ಅದೊಂದನ್ನು ತೆರೆದರೆ ಮುಗಿಯಿತು. ಮೊದಲೆಲ್ಲ ಇದಕ್ಕೆ ಎರಡು ರಾತ್ರಿ ನಿದ್ದೆಗೆಡುತ್ತಿದ್ದೆ. ಜಿಮೇಲ್‌ನಲ್ಲಿ ಒಂದೇ ಮೇಲ್‌ಗೆ ಎರಡು ಲೇಬಲ್ ಹಾಕಬಹುದು, ವಿಮೆ ರಸೀದಿ "ತೆರಿಗೆ"ಯಲ್ಲೂ ಇರಲಿ "ಅಮ್ಮ" ಅನ್ನುವುದರಲ್ಲೂ ಇರಲಿ.

ಲೇಬಲ್ ಹೆಸರು ಕನ್ನಡದಲ್ಲಿ ಇಡಬಹುದಾ? ಕನ್ನಡದಲ್ಲಿ ಹುಡುಕಿದರೆ ಸಿಗುತ್ತದಾ?

ಧಾರಾಳವಾಗಿ ಇಡಬಹುದು. ಮನೆ, ದುಡ್ಡು, ಶಾಲೆ, ಪ್ರಯಾಣ. ಮನೆ ಮಂದಿಗೆಲ್ಲ ಅರ್ಥ ಆಗುವ ಮಾತಿನಲ್ಲಿ ಇದ್ದರೆ ನನಗಂತೂ ಖುಷಿ. ಜಿಮೇಲ್‌ನ ಮೆನು, ಬಟನ್ ಎಲ್ಲವನ್ನೂ ಕನ್ನಡಕ್ಕೆ ಬದಲಾಯಿಸುವ ಆಯ್ಕೆಯೂ ಇದೆ.

ಹುಡುಕುವಾಗ ಒಂದು ಎಚ್ಚರ ಬೇಕು. ಜಿಮೇಲ್ ಇಡೀ ಪದವನ್ನು ಹುಡುಕುತ್ತದೆ, ಪದದ ತುಂಡನ್ನಲ್ಲ. ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದಲ್ಲ, ಹಾಗಾಗಿ ನೀವು "ಬಾಡಿಗೆ" ಅಂತ ಹುಡುಕಿದರೆ "ಬಾಡಿಗೆಯನ್ನು" ಅಂತ ಬರೆದಿರುವ ಮೇಲ್ ಬರದೇ ಹೋಗಬಹುದು. ನಾವು ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೂ ಉಂಟು, ಅದೂ ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೆ ನಾನು ಮಾಡಿಕೊಂಡಿರುವ ಉಪಾಯ ಇದು: ಮುಖ್ಯವಾದ ಕಾಗದದ ಫೋಟೋ ನನಗೆ ನಾನೇ ಕಳಿಸಿಕೊಳ್ಳುವಾಗ ವಿಷಯದ ಸಾಲಿನಲ್ಲಿ ಮೂಲ ಪದ ಮತ್ತು ಇಸವಿ ಮಾತ್ರ ಹಾಕುತ್ತೇನೆ. "ಬಾಡಿಗೆ ಕರಾರು 2025", "ಅಮ್ಮ ರಕ್ತ ಪರೀಕ್ಷೆ 2024". ಹೀಗೆ ಹಾಕಿದ್ದು ಇದುವರೆಗೂ ಸಿಗದೇ ಹೋಗಿಲ್ಲ.

ಫಿಲ್ಟರ್ ಅಂದರೇನು? ಹಾಕುವುದು ಕಷ್ಟನಾ?

"ಇಂಥವರಿಂದ ಬಂದರೆ ಹೀಗೆ ಮಾಡು" ಅಂತ ಒಂದು ಸಲ ಹೇಳಿ ಇಡುವುದು. ಕಷ್ಟ ಇಲ್ಲ. ಹುಡುಕುವ ಪೆಟ್ಟಿಗೆಯ ಬಲತುದಿಯಲ್ಲಿ ಗೆರೆಗಳಿರುವ ಒಂದು ಗುರುತಿದೆ. ಅದನ್ನು ಒತ್ತಿದರೆ ಚಿಕ್ಕ ಫಾರಂ ತೆರೆಯುತ್ತದೆ: ಯಾರಿಂದ, ಯಾರಿಗೆ, ವಿಷಯ, ಯಾವ ಪದ ಇರಬೇಕು, ಯಾವ ಪದ ಇರಬಾರದು, ಗಾತ್ರ ಎಷ್ಟು. ತುಂಬಿಸಿ, ಕೆಳಗಿರುವ "ಕ್ರಿಯೇಟ್ ಫಿಲ್ಟರ್" ಒತ್ತಿ, ಏನು ಮಾಡಬೇಕು ಅಂತ ಟಿಕ್ ಹಾಕಿ.

ಎಲ್ಲಕ್ಕಿಂತ ಮೊದಲು ಹಾಕಬೇಕಾದ ಫಿಲ್ಟರ್, ನೀವು ಕಾಗದದ ಮೇಲೆ ಬರೆದ ತಪ್ಪಬಾರದ ಪಟ್ಟಿಗೆ. ಅಮ್ಮನ ವಿಮೆಗೆ ನಾನು ಹಾಕಿರುವುದನ್ನೇ ಹೇಳುತ್ತೇನೆ. ಕಳಿಸುವವರ ಜಾಗದಲ್ಲಿ ಕಂಪನಿಯ ವಿಳಾಸ, ಇರಬೇಕಾದ ಪದದ ಜಾಗದಲ್ಲಿ ಅಮ್ಮನ ಪಾಲಿಸಿ ನಂಬರ್. ಬಂದರೆ ನಕ್ಷತ್ರ ಹಾಕು, "ಅಮ್ಮ" ಲೇಬಲ್ ಹಾಕು, ಯಾವತ್ತೂ ಸ್ಪ್ಯಾಮ್‌ಗೆ ಕಳಿಸಬೇಡ, ಮುಖ್ಯ ಅಂತ ಗುರುತು ಮಾಡು. ಆಫರ್ ಮೇಲ್‌ನಲ್ಲಿ ಪಾಲಿಸಿ ನಂಬರ್ ಇರುವುದಿಲ್ಲ, ರಿನ್ಯೂವಲ್ ಮೇಲ್‌ನಲ್ಲಿ ಇರುತ್ತದೆ. ಈ ಸಣ್ಣ ವ್ಯತ್ಯಾಸ ಮೂರು ವರ್ಷದ ಹಿಂದೆ ನನಗೆ ಹೊಳೆದಿದ್ದರೆ ಅಮ್ಮನಿಗೆ ಅಷ್ಟು ತೊಂದರೆ ಆಗುತ್ತಿರಲಿಲ್ಲ. ಕಂಪನಿಯವರು ಪಾಲಿಸಿ ನಂಬರಿನ ಅರ್ಧ ಅಂಕಿ ಮರೆಮಾಡಿ ಕಳಿಸುತ್ತಿದ್ದರೆ ಇದು ಹಿಡಿಯುವುದಿಲ್ಲ, ಒಂದು ಹಳೇ ಮೇಲ್ ತೆರೆದು ನೋಡಿಕೊಂಡು ಹಾಕಿ. ಜೊತೆಗೆ ಫೋನಿನ ಕ್ಯಾಲೆಂಡರಿನಲ್ಲೂ ಕೊನೇ ದಿನಕ್ಕೆ 20 ದಿನ ಮುಂಚೆ ಒಂದು ನೆನಪೋಲೆ ಇಡಿ. ವಿಮೆಯ ವಿಷಯದಲ್ಲಿ ಮೇಲನ್ನು ಮಾತ್ರ ನಂಬಬೇಡಿ.

ಎರಡನೆಯ ಬಗೆಯ ಫಿಲ್ಟರ್ ಬೇಕು ಆದರೆ ಈಗಲೇ ನೋಡಬೇಕಿಲ್ಲ ಅನ್ನುವಂಥದ್ದಕ್ಕೆ. ಕರೆಂಟ್ ಬಿಲ್ ಕಟ್ಟಿದ ರಸೀದಿ, ಆನ್‌ಲೈನ್ ಆರ್ಡರ್ ತಲುಪಿದೆ ಅನ್ನುವ ಮೇಲ್. ಇನ್‌ಬಾಕ್ಸ್ ಬಿಟ್ಟು ನೇರ ಲೇಬಲ್‌ಗೆ ಹೋಗಲಿ.

ಫೋನಿನಲ್ಲೇ ಫಿಲ್ಟರ್ ಹಾಕಬಹುದಾ?

ಜಿಮೇಲ್ ಆ್ಯಪ್‌ನಲ್ಲಿ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಲ ಹಾಕಿದರೆ ಫೋನಿನಲ್ಲೂ ಅದೇ ನಡೆಯುತ್ತದೆ.

ಜಾಗ ತುಂಬಿದೆ, ಇನ್ನು ಮೇಲ್ ಬರುವುದಿಲ್ಲ ಅಂತ ತೋರಿಸುತ್ತಿದೆ. ಏನು ಮಾಡಲಿ?

2004ರ ಏಪ್ರಿಲ್ 1ರಂದು ಜಿಮೇಲ್ ಶುರುವಾದಾಗ 1 ಜಿಬಿ ಜಾಗ ಕೊಟ್ಟಿದ್ದರು, ಆ ಕಾಲಕ್ಕೆ ಅದೇ ದೊಡ್ಡದು. ಈಗ 15 ಜಿಬಿ ಉಚಿತ. ಆದರೆ ಅದು ಮೇಲ್‌ಗೆ ಮಾತ್ರ ಅಲ್ಲ, ಗೂಗಲ್‌ನ ಡ್ರೈವ್ ಮತ್ತು ಫೋಟೋಸ್ ಕೂಡ ಅದೇ 15ರಲ್ಲಿ ಪಾಲು ತೆಗೆದುಕೊಳ್ಳುತ್ತವೆ. 2021ರ ಜೂನ್ 1ರ ತನಕ ಸ್ವಲ್ಪ ಕುಗ್ಗಿಸಿದ ಫೋಟೋಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಆಮೇಲೆ ಬರುತ್ತಿವೆ. ಹಾಗಾಗಿ "ಮೇಲ್ ತುಂಬಿದೆ" ಅನ್ನುವವರಲ್ಲಿ ಅರ್ಧ ಜನರದು ನಿಜವಾಗಿ ಮದುವೆ ವಿಡಿಯೋ ತುಂಬಿರುತ್ತದೆ. ಮೊದಲು ಯಾವುದು ಎಷ್ಟು ಜಾಗ ತಿಂದಿದೆ ನೋಡಿ.

ಮೇಲ್‌ದೇ ಆಗಿದ್ದರೆ ಫಿಲ್ಟರ್ ಹಾಕಲು ತೆರೆದ ಅದೇ ಫಾರಂ ತೆರೆದು ಗಾತ್ರ 10 ಎಂಬಿಗಿಂತ ಜಾಸ್ತಿ ಅಂತ ಹಾಕಿ ಹುಡುಕಿ. ನೂರು ಇನ್ನೂರು ದೊಡ್ಡ ಮೇಲ್ ಸಿಗುತ್ತವೆ. ಬೇಕಾದ ಫೈಲ್ ಕಂಪ್ಯೂಟರಿಗೆ ಇಳಿಸಿಕೊಂಡು ಆ ಮೇಲ್ ಅಳಿಸಿ. ಲಗತ್ತನ್ನು ಮಾತ್ರ ತೆಗೆದು ಮೇಲ್ ಉಳಿಸಿಕೊಳ್ಳುವ ಸೌಲಭ್ಯ ಜಿಮೇಲ್‌ನಲ್ಲಿ ಇಲ್ಲ. ಕೊನೆಗೆ ಬಿನ್ ಖಾಲಿ ಮಾಡಲು ಮರೆಯಬೇಡಿ, ಇಲ್ಲವಾದರೆ 30 ದಿನ ಅದೂ ಜಾಗ ಹಿಡಿದು ಕೂತಿರುತ್ತದೆ. ಆರ್ಕೈವ್ ಮಾಡಿದರೆ ಜಾಗ ಉಳಿಯುವುದಿಲ್ಲ, ಇದನ್ನೂ ನೆನಪಿಡಿ.

ಯಾವ ಮೇಲ್ ಎಷ್ಟು ವರ್ಷ ಇಡಬೇಕು?

ಒಟಿಪಿ, ಆಫರ್, "ನಿಮ್ಮ ಪಾರ್ಸೆಲ್ ಹೊರಟಿದೆ" ಇವೆಲ್ಲ ಅವತ್ತಿಗೇ ಮುಗಿಯಿತು. ಬಿಲ್ ಇರುವ ಮೇಲ್, ವಾರಂಟಿ ಮುಗಿಯುವವರೆಗೂ. ತೆರಿಗೆಗೆ ಸಂಬಂಧಪಟ್ಟದ್ದನ್ನು ನಾನು ಎಂಟು ವರ್ಷ ಇಡುತ್ತೇನೆ. ಮನೆ ಸಾಲ, ಆಸ್ತಿ, ಕೆಲಸದ ನೇಮಕ ಪತ್ರ, ಕೆಲಸ ಬಿಟ್ಟಾಗಿನ ಪತ್ರ, ಪಿಎಫ್, ಇವನ್ನು ಅಳಿಸಲೇಬೇಡಿ.

ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಿಗೆ ಪಾಸ್‌ವರ್ಡ್ ಇರುತ್ತದೆ ಅಲ್ವಾ, ಐದು ವರ್ಷ ಆದ ಮೇಲೆ ಆ ಪಾಸ್‌ವರ್ಡ್ ಏನು ಅಂತ ಮರೆತು ಒದ್ದಾಡುವವರನ್ನು ತುಂಬಾ ನೋಡಿದ್ದೇನೆ. ಸಾಮಾನ್ಯವಾಗಿ ಅದೇ ಮೇಲ್‌ನಲ್ಲಿ ಪಾಸ್‌ವರ್ಡ್ ಹೇಗೆ ಮಾಡಿದ್ದು ಅಂತ ಬರೆದಿರುತ್ತಾರೆ. ಹಾಗಾಗಿ ಪಿಡಿಎಫ್ ಮಾತ್ರ ಇಳಿಸಿಕೊಂಡು ಮೇಲ್ ಅಳಿಸಬೇಡಿ. ಆದಾಯ ತೆರಿಗೆ ರಿಟರ್ನ್ ಹಾಕಿದ ಮೇಲೆ ಇಲಾಖೆಯಿಂದ ಬರುವ ಇಂಟಿಮೇಷನ್ ಅನ್ನುವ ತಿಳಿವಳಿಕೆ ಪತ್ರಕ್ಕೆ ಪ್ಯಾನ್ ನಂಬರ್ ಸಣ್ಣ ಅಕ್ಷರದಲ್ಲಿ ಬರೆದು, ಅದರ ಬೆನ್ನಿಗೇ ಹುಟ್ಟಿದ ದಿನ, ತಿಂಗಳು, ವರ್ಷ ಹಾಕಿದರೆ ತೆರೆಯುತ್ತದೆ.

ದಿನಕ್ಕೆ ಎಷ್ಟು ಸಲ ಮೇಲ್ ನೋಡಬೇಕು?

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 124 ಜನರ ಮೇಲೆ ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿ ಅಂದರು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಿ ಅಂದರು. ಮೂರು ಸಲ ನೋಡಿದ ವಾರ ಜನರಿಗೆ ಒತ್ತಡ ಕಡಿಮೆ ಅನ್ನಿಸಿತ್ತು. ನಾನೂ ಮೂರು ಸಲವೇ ನೋಡುವುದು: ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ, ಊಟದ ನಂತರ, ಸಂಜೆ ಐದಕ್ಕೆ. ರಾತ್ರಿ ನೋಡುವುದಿಲ್ಲ.

ಫೋನ್ ಪ್ರತಿ ಮೇಲ್‌ಗೂ ಟಿಣ್ ಅನ್ನುತ್ತಿದ್ದರೆ ಇದು ಯಾರಿಗೂ ಸಾಧ್ಯ ಇಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆ ಒತ್ತಿ, ನೋಟಿಫಿಕೇಷನ್ ಅನ್ನುವಲ್ಲಿ ಮುಖ್ಯವಾದವಕ್ಕೆ ಮಾತ್ರ ಅಂತ ಬದಲಾಯಿಸಿ. ಫಿಲ್ಟರ್‌ನಲ್ಲಿ ಮುಖ್ಯ ಅಂತ ಗುರುತು ಮಾಡಿದ್ದು ಇಲ್ಲಿ ಕೈ ಹಿಡಿಯುತ್ತದೆ.

ನಮ್ಮ ಮ್ಯಾನೇಜರ್ ಮೇಲ್ ಹಾಕಿ ಐದು ನಿಮಿಷಕ್ಕೆ ನೋಡಿದ್ರಾ ಅಂತ ಕೇಳುತ್ತಾರೆ. ಮೂರು ಸಲ ನೋಡಿದರೆ ಕೆಲಸ ಉಳಿಯುತ್ತದಾ?

ಹೇಳದೆ ಕೇಳದೆ ಮಾಡಲು ಹೋಗಬೇಡಿ. ಒಂದು ದಿನ ಕಾಫಿಗೆ ಹೋದಾಗ ನೇರವಾಗಿ ಹೇಳಿ: "ಸರ್, ಅರ್ಜೆಂಟ್ ಇದ್ದರೆ ಫೋನ್ ಮಾಡಿ, ತಕ್ಷಣ ಎತ್ತುತ್ತೇನೆ. ಮೇಲ್‌ಗೆ ಅವತ್ತೇ ಉತ್ತರ ಕೊಡುತ್ತೇನೆ." ನಾನು ಮಾತಾಡಿಸಿದವರಲ್ಲಿ ಹೆಚ್ಚಿನ ಮ್ಯಾನೇಜರ್‌ಗಳು ಒಪ್ಪಿದ್ದಾರೆ, ಅವರಿಗೆ ಬೇಕಿರುವುದು ಉತ್ತರ ಬರುತ್ತದೆ ಅನ್ನುವ ಭರವಸೆ. ಒಪ್ಪದಿದ್ದರೆ ಅವರೊಬ್ಬರ ಮೇಲ್‌ಗೆ ಮಾತ್ರ ಫಿಲ್ಟರ್ ಹಾಕಿ ಸದ್ದು ಇಟ್ಟುಕೊಳ್ಳಿ, ಉಳಿದವರದು ಮೌನವಾಗಿರಲಿ. ಹತ್ತು ಜನ ರಿಪ್ಲೈ ಆಲ್ ಒತ್ತುತ್ತಾ ಶುಭಾಶಯ ಹೇಳುವ ಮೇಲ್ ಸರಣಿ ಇರುತ್ತದಲ್ಲ, ಅದಕ್ಕೆ ಮ್ಯೂಟ್ ಅನ್ನುವ ಆಯ್ಕೆ ಇದೆ, ಒತ್ತಿದರೆ ಆ ಸರಣಿ ಇನ್‌ಬಾಕ್ಸ್‌ಗೆ ಬರುವುದಿಲ್ಲ.

ನಾನು ಡಲ್ಲಾಸ್‌ನಲ್ಲಿದ್ದೇನೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಅಪ್ಪನ ಮೇಲ್ ನಾನೇ ನೋಡಿಕೊಳ್ಳಬೇಕು. ಪಾಸ್‌ವರ್ಡ್ ಇಸಿದುಕೊಂಡಿದ್ದೇನೆ, ಆದರೆ ಪ್ರತಿ ಸಲ ಒಟಿಪಿ ಅಪ್ಪನ ಫೋನಿಗೆ ಹೋಗುತ್ತದೆ.

ಪಾಸ್‌ವರ್ಡ್ ಹಂಚಿಕೊಳ್ಳುವುದು ಬೇಡ. ಇಲ್ಲಿ ನಡುರಾತ್ರಿ ಆಗಿರುವಾಗ ಅಪ್ಪನನ್ನು ಎಬ್ಬಿಸಿ ಒಟಿಪಿ ಕೇಳುವುದು, ಇಬ್ಬರಿಗೂ ಸಂಕಟ.

ಕಂಪ್ಯೂಟರಿನಲ್ಲಿ ಅಪ್ಪನ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್ ಅನ್ನುವ ಭಾಗದಲ್ಲಿ ನಿಮ್ಮ ಖಾತೆಗೆ ಬೇರೆಯವರಿಗೆ ಪ್ರವೇಶ ಕೊಡಿ ಅನ್ನುವ ಆಯ್ಕೆ ಇದೆ. ಊರಿಗೆ ಬಂದಾಗ ಅಪ್ಪನ ಪಕ್ಕ ಕೂತು ನಿಮ್ಮ ವಿಳಾಸ ಸೇರಿಸಿಕೊಳ್ಳಿ. ಆಮೇಲೆ ನಿಮ್ಮ ಖಾತೆಯಿಂದಲೇ ಅಪ್ಪನ ಮೇಲ್ ಓದಬಹುದು, ಉತ್ತರ ಬರೆಯಬಹುದು, ಅಳಿಸಬಹುದು. ಪಾಸ್‌ವರ್ಡ್ ಬದಲಾಯಿಸಲು ಮಾತ್ರ ಆಗುವುದಿಲ್ಲ, ಅದು ಅಪ್ಪನ ಕೈಯಲ್ಲೇ ಇರುತ್ತದೆ. ಅಷ್ಟು ಬೇಡ ಅಂದರೆ ಪೆನ್ಷನ್, ಬ್ಯಾಂಕು, ವಿಮೆ ಮೇಲ್‌ಗಳಿಗೆ ಮಾತ್ರ ಫಿಲ್ಟರ್ ಹಾಕಿ ನಿಮಗೆ ಫಾರ್ವರ್ಡ್ ಆಗುವಂತೆ ಮಾಡಿ. ಏನೇ ಮಾಡಿದರೂ ಅಪ್ಪನಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಮಾಡಿ. ವಯಸ್ಸಾಗಿದೆ ಅಂತ ಅವರ ಪತ್ರ ಅವರಿಗೆ ಗೊತ್ತಿಲ್ಲದೆ ಓದುವುದು ಸರಿಯಲ್ಲ.

ಮೋಸದ ಮೇಲ್ ಯಾವುದು ಅಂತ ತಿಳಿಯುವುದು ಹೇಗೆ?

ಇನ್‌ಬಾಕ್ಸ್ ಹಗುರ ಆದಾಗ ಮೋಸದ ಮೇಲ್ ಕಣ್ಣಿಗೆ ಬೇಗ ಬೀಳುತ್ತದೆ. ಗದ್ದಲ ಇದ್ದಾಗಲೇ ನಾವು ಆತುರದಲ್ಲಿ ಒತ್ತಿಬಿಡುವುದು.

ಕಳಿಸಿದವರ ಹೆಸರನ್ನು ನಂಬಬೇಡಿ, ಅದರ ಹಿಂದಿರುವ ಪೂರ್ತಿ ವಿಳಾಸ ತೆರೆದು ನೋಡಿ. "ಇವತ್ತೇ ಮಾಡದಿದ್ದರೆ ಖಾತೆ ಬಂದ್" ಅಂತ ಹೆದರಿಸಿದರೆ ಲಿಂಕ್ ಒತ್ತದೆ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ನಮ್ಮ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ ಕೊನೆಯೊಳಗೆ ತಮ್ಮ ಜಾಲತಾಣದ ವಿಳಾಸವನ್ನು ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುವಂತೆ ಬದಲಾಯಿಸಬೇಕಿತ್ತು. ಬೇರೆ ಥರ ಮುಗಿಯುವ ಜಾಲತಾಣ ನಿಮ್ಮ ಪಾಸ್‌ವರ್ಡ್ ಕೇಳಿದರೆ ಅನುಮಾನ ಪಡಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಟ್ಟುಕೊಂಡು ಸುಮ್ಮನಿರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಅಂಗಡಿಗೆ ಹೋದರೂ ಮೇಲ್ ಐಡಿ ಕೇಳುತ್ತಾರೆ. ಬೇರೆ ಐಡಿ ಮಾಡಿಕೊಳ್ಳಲಾ?

ಮಾಡಿಕೊಳ್ಳಬಹುದು, ಆದರೆ ಕೊಡುವುದೇ ಬೇಡ ಅನ್ನುವುದು ನನ್ನ ಸಲಹೆ. "ಬೇಡ, ಕಾಗದದ ಬಿಲ್ ಸಾಕು" ಅಂದರೆ ಹೆಚ್ಚಿನ ಕಡೆ ಕೊಡುತ್ತಾರೆ. ಕೊಡಲೇಬೇಕಾದ ಕಡೆ ಜಿಮೇಲ್‌ನಲ್ಲಿ ಇನ್ನೊಂದು ದಾರಿ ಇದೆ. ನಿಮ್ಮ ಐಡಿಯ ಹೆಸರಿನ ಭಾಗ ಮುಗಿದ ಮೇಲೆ, ಅಟ್ ಗುರುತಿಗೆ ಮುಂಚೆ, ಪ್ಲಸ್ ಹಾಕಿ ಯಾವುದಾದರೂ ಪದ ಸೇರಿಸಿ ಕೊಟ್ಟರೂ ಮೇಲ್ ನಿಮಗೇ ಬರುತ್ತದೆ. ಅಂಗಡಿಗೆ ಕೊಡುವಾಗ ಅಂಗಡಿಯ ಹೆಸರು ಸೇರಿಸಿ. ನಾಳೆ ಅದೇ ವಿಳಾಸಕ್ಕೆ ಬೇರೆ ಯಾರೋ ಮೇಲ್ ಹಾಕಿದರೆ, ನಿಮ್ಮ ಐಡಿ ಎಲ್ಲಿಂದ ಸೋರಿತು ಅಂತ ಗೊತ್ತಾಗುತ್ತದೆ. ಕೆಲವು ಜಾಲತಾಣಗಳು ಪ್ಲಸ್ ಇದ್ದರೆ ಒಪ್ಪುವುದಿಲ್ಲ.

ಎರಡು ತಿಂಗಳು ಚೆನ್ನಾಗಿ ನಡೆಯಿತು, ಈಗ ಮತ್ತೆ ಹಳೇ ಕಥೆ. ನನ್ನಿಂದ ಆಗಲ್ವಾ?

ಆಗುತ್ತದೆ. ಎಲ್ಲರಿಗೂ ಹೀಗಾಗುತ್ತದೆ, ನನಗೂ ಎರಡು ಸಲ ಆಗಿದೆ. ಮನೆಯಲ್ಲಿ ಮದುವೆ, ಯಾರಿಗೋ ಹುಷಾರಿಲ್ಲ, ಆಫೀಸಿನಲ್ಲಿ ವರ್ಷದ ಕೊನೆ, ಇಂಥ ಹೊತ್ತಿನಲ್ಲಿ ಮೇಲ್ ನೋಡುವವರು ಯಾರು? ತಪ್ಪಬಾರದ ಫಿಲ್ಟರ್‌ಗಳು ಹಾಕಿದ್ದೀರಿ ಅಂದರೆ ಆ ದಿನಗಳಲ್ಲೂ ಅವು ಕೆಲಸ ಮಾಡುತ್ತಲೇ ಇದ್ದವು. ನಕ್ಷತ್ರ ಬಿದ್ದಿರುವ ಮೇಲ್‌ಗಳನ್ನು ಮೊದಲು ನೋಡಿ. ಉಳಿದದ್ದಕ್ಕೆ ಮೊದಲು ಮಾಡಿದ ಹಾಗೇ, ಹಿಂದಿನ ತಿಂಗಳಿನವರೆಗಿನದನ್ನು ಒಟ್ಟಿಗೆ ಆರ್ಕೈವ್ ಮಾಡಿ.

ಮುಂದಕ್ಕೆ ತಿಂಗಳಿಗೆ ಒಂದು ಸಲ ಕಾಲು ಗಂಟೆ ಇಟ್ಟುಕೊಳ್ಳಿ. ನಾನು ಮೊದಲ ಶನಿವಾರ ಕರೆಂಟ್ ಬಿಲ್ ಕಟ್ಟುವಾಗಲೇ ಕೂರುತ್ತೇನೆ, ಆಗ ಮರೆಯುವುದಿಲ್ಲ. ಆ ತಿಂಗಳು ಹೊಸದಾಗಿ ಯಾರು ಪಟ್ಟಿಗೆ ಸೇರಿಸಿಕೊಂಡಿದ್ದಾರೆ ನೋಡಿ ಹೊರಗೆ ಬರುತ್ತೇನೆ. ಸ್ಪ್ಯಾಮ್ ಒಳಗೆ ಒಮ್ಮೆ ಇಣುಕುತ್ತೇನೆ, ಅಲ್ಲಿರುವುದೂ 30 ದಿನಕ್ಕೆ ಹೋಗಿಬಿಡುತ್ತದೆ, ಒಂದೊಂದು ಸಲ ಒಳ್ಳೆಯ ಮೇಲ್ ಅಲ್ಲಿ ಬಿದ್ದಿರುತ್ತದೆ.

ಕಾಲೇಜಿನ ಕಾಲದ ಒಂದು ಹಳೇ ಜಿಮೇಲ್ ಇದೆ. ಬಳಸುತ್ತಿಲ್ಲ. ಹಾಗೇ ಬಿಡಲಾ?

ಬಿಡಬೇಡಿ. ಎರಡು ವರ್ಷ ಬಳಸದೇ ಇರುವ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಮೇಲ್ ಜೊತೆಗೆ ಅದರಲ್ಲಿರುವ ಫೋಟೋಗಳೂ ಹೋಗುತ್ತವೆ. ಇವತ್ತೇ ಒಮ್ಮೆ ಲಾಗಿನ್ ಆಗಿ, ಯಾವುದಾದರೂ ಬ್ಯಾಂಕು, ಪಿಎಫ್ ಅಥವಾ ವಿಮೆಗೆ ಆ ವಿಳಾಸ ಕೊಟ್ಟಿದ್ದೀರಾ ಅಂತ ಹುಡುಕಿ. ಕೊಟ್ಟಿದ್ದರೆ ಮೊದಲು ಅಲ್ಲಿ ವಿಳಾಸ ಬದಲಾಯಿಸಿ. ಆಮೇಲೆ ಖಾತೆಯಲ್ಲಿರುವುದನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ಅನ್ನುವ ಸೌಲಭ್ಯದಿಂದ ಬೇಕಾದದ್ದನ್ನೆಲ್ಲ ಇಳಿಸಿಕೊಂಡು ಖಾತೆ ಮುಚ್ಚಬಹುದು.

ನೀವು ದಿನಾ ಬಳಸುವ ಖಾತೆಗೂ ಒಂದು ಕೆಲಸ ಬಾಕಿ ಇದೆ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ "ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್" ಅಂತ ಇದೆ. ನಾನು ಇಷ್ಟು ತಿಂಗಳು ಖಾತೆ ತೆರೆಯದೇ ಇದ್ದರೆ ಇಂಥವರಿಗೆ ತಿಳಿಸಿ, ಇಂಥದ್ದನ್ನು ಅವರಿಗೆ ಕೊಡಿ ಅಂತ ಅದರಲ್ಲಿ ಬರೆದಿಡಬಹುದು. ನಾನು ಹೆಂಡತಿಯ ಹೆಸರು ಹಾಕಿದ್ದೇನೆ, ಆರು ತಿಂಗಳಿಗೆ. ಹತ್ತು ನಿಮಿಷ ಹಿಡಿಯಿತು.